ನಾವು ನೋಡದ ಕಲ್ಲಿಗೆ ನಮ್ಮ ಹೆಸರು

ಕಲ್ಲಿಗೆ ನೀರು ಹೊಡೆದು ಕಾಯಬೇಕು. ನನ್ನ ಕೆಲಸ ಅಷ್ಟೇ ಇತ್ತು.

ಖಣಿಯಿಂದ ಎದ್ದು ಬಂದ ಫರ್ಸಿಗಳನ್ನು, ನೆಲಕ್ಕೆ ಹಾಸುವ ಚಪ್ಪಡಿಗಳನ್ನು, ಪಾಲಿಶ್ ಕಾರಖಾನೆಯ ಅಂಗಳದಲ್ಲಿ ಹಾಸುತ್ತಿದ್ದರು. ನಾನು ಒಂದೊಂದರ ಮೇಲೂ ಒಂದು ತಂಬಿಗೆ ನೀರು ಸುರಿದು, ಚಿಂದಿಯಿಂದ ಒರೆಸಿ, ಬಿಸಿಲಿಗೆ ಬಿಡುತ್ತಿದ್ದೆ. ಶಹಾಬಾದಿನ ಬಿಸಿಲಿಗೆ ಕಲ್ಲು ಒಣಗಲು ಹೆಚ್ಚು ಹೊತ್ತು ಬೇಕಿಲ್ಲ. ಕಲ್ಲೆಲ್ಲ ಬೆಳ್ಳಗಾಗುವಾಗ ಒಳಗೆ ಬಿರುಕು ಇದ್ದಲ್ಲಿ ಮಾತ್ರ ನೀರು ಕೂತಿರುತ್ತದೆ. ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ನಾಲ್ಕು ಉಸಿರು ಇರುತ್ತದೆ, ಆಮೇಲೆ ಇಲ್ಲ. ಅಷ್ಟರೊಳಗೆ ಜಾಜಿನಿಂದ, ಆ ಕೆಂಪು ಮಣ್ಣಿನ ತುಂಡಿನಿಂದ, ಅದರ ಮೇಲೆ ಗೀಟು ಎಳೆಯಬೇಕು. ಅದಾದ ಮೇಲೆ ಸುತ್ತಿಗೆಯ ಹಿಡಿಕೆಯಿಂದ ನಾಲ್ಕೂ ಮೂಲೆ ತಟ್ಟಿ ಕೇಳಬೇಕು. ಗಟ್ಟಿ ಕಲ್ಲು ಕಂಚಿನ ತಾಟಿನ ಹಾಗೆ ಮಾತಾಡುತ್ತದೆ, ಬಿರುಕಿನ ಕಲ್ಲು ನೆಗಡಿ ಬಂದವರ ಹಾಗೆ. ಎಲ್ಲಿ ಕೊಯ್ದರೆ ಎರಡಡಿ ಚೌಕ ಸಿಕ್ಕೀತು, ಎಲ್ಲಿ ಒಂದೂವರೆ ಅಡಿಗೆ ಸುಮ್ಮನಾಗಬೇಕು ಎಂದು ನೋಡಿ ಗೀಟು ಹಾಕಿದರೆ ಕೊಯ್ಯುವವರು ಆ ಗೀಟಿನ ಮೇಲೇ ಮಷಿನ್ ನಡೆಸುತ್ತಿದ್ದರು. ಕೊಯ್ದ ತುಂಡುಗಳ ಬೆನ್ನಿಗೆ ನಾನು ಉಳಿಯಿಂದ ನನ್ನ ಗುರುತು ಕೆತ್ತುತ್ತಿದ್ದೆ: ಒಂದು ಗೆರೆ, ಪಕ್ಕಕ್ಕೆ ಎರಡು ಚುಕ್ಕೆ.

ನಾವು ವಡ್ಡರು. ನಮ್ಮಲ್ಲಿ ಒಂದು ಕಟ್ಟು ಇದೆ. ಕಲ್ಲು ನೋಡಿದವರು ಗುರುತು ಹಾಕಬೇಕು. ಗುರುತು ಯಾರದೋ ಆ ಕಲ್ಲಿಗೆ ಅವರೇ ಜವಾಬು. ಒಬ್ಬರ ಗುರುತನ್ನು ಇನ್ನೊಬ್ಬರು ಹಾಕುವಂತಿಲ್ಲ, ಅಣ್ಣತಮ್ಮಂದಿರಾದರೂ ಸರಿ, ಗಂಡಹೆಂಡಿರಾದರೂ ಸರಿ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಆ ಕಾರಖಾನೆಗೆ ಕಂಪ್ಯೂಟರ್ ಬಂತು. ಅದಕ್ಕಿಂತ ಮೊದಲು ಒಬ್ಬ ಎಂಜಿನಿಯರ್ ಬಂದ. ಸೇಡಂ ಕಡೆಯವನು, ಮಾಸ್ತರರ ಮಗ, ಆಚಾರದ ಮನೆತನ. ಕಲ್ಲಿನ ಅಳತೆ ಕೊಟ್ಟರೆ ಹೇಗೆ ಕೊಯ್ಯಬೇಕು ಎಂದು ತಾನೇ ಹೇಳುವ ಪ್ರೋಗ್ರಾಂ ಮಾಡುತ್ತಾನಂತೆ. ಅದಕ್ಕೆ ನನ್ನಿಂದ ಕಲಿಯಬೇಕಂತೆ. ಮೊದಲ ದಿನ ಪ್ಯಾಂಟು ಕೊಡವಿಕೊಳ್ಳುತ್ತಾ ನಿಂತಿದ್ದ.

"ಆಯಿ, ಇಲ್ಲೇ ಕುಂದ್ರಲೇನ್ರಿ?"

"ಕುಂದ್ರು ತಮ್ಮಾ. ಕಲ್ಲಿಗೇನು ಮೈಲಿಗಿ ಇಲ್ಲ."

ಅವನ ಮುಖ ಕೆಂಪಾಯಿತು, ಆದರೂ ಕುಂತ. ಇಪ್ಪತ್ತು ದಿನ ಕುಂತ. ನಾನು ಗೀಟು ಎಳೆದಾಗೆಲ್ಲ ಯಾಕೆ ಎಂದು ಕೇಳುತ್ತಿದ್ದ. ಯಾಕೆ ಎಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹೇಳಲು ಹೋದರೆ ನನಗೇ ತೊಡಕಾಗುತ್ತಿತ್ತು. ಉದ್ದ, ಅಗಲ, ಕರ್ಣದ ಲೆಕ್ಕ ಅವನಿಗೆ ಬೇಗ ಹತ್ತಿತು. ಬಿರುಕಿನ ಗೆರೆ ಮಾತ್ರ ಹತ್ತಲಿಲ್ಲ. ಅವನು ನೋಟುಬುಕ್ಕಿನಿಂದ ತಲೆ ಎತ್ತುವಷ್ಟರಲ್ಲಿ ಕಲ್ಲು ಒಣಗಿರುತ್ತಿತ್ತು.

"ಎಲ್ಲದರಿ ಆಯಿ ಗೆರಿ?"

"ಹೋಯ್ತು."

"ಹೋಗೂದನ್ನ ನಾ ಹ್ಯಾಂಗ ಅಳೀಲಿ?"

"ಕಾಯಬೇಕು ತಮ್ಮಾ. ಬರಕೊಂತ ಕುಂತರ ಕಾದಂಗ ಆಗೂದಿಲ್ಲ."

ಅವನು ನಕ್ಕು ಅದನ್ನೂ ಬರೆದುಕೊಂಡ.

ಕಂಪ್ಯೂಟರ್ ಮುಂದೆ ಕೂಡಲು ನನ್ನ ಮಗಳನ್ನು ತೆಗೆದುಕೊಂಡರು. ಹತ್ತನೇ ಪಾಸಾಗಿ ಟೈಪಿಂಗ್ ಕಲಿತಿದ್ದಳು. ನಮ್ಮ ಓಣಿಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲನೆಯವಳು ಅವಳು. ನಾನು ಅಕ್ಷರ ಕಲಿತದ್ದು ತಲೆ ಹಣ್ಣಾದ ಮೇಲೆ, ಓಣಿಗೆ ಒಬ್ಬ ಟೀಚರಮ್ಮ ಬಂದು ಮುದುಕಿಯರನ್ನು ಸಾಲಾಗಿ ಕೂಡಿಸಿದಾಗ. ಈಗಲೂ ಬೆರಳಿಟ್ಟು ಓದುತ್ತೇನೆ. ಇದನ್ನು ಬರೆದವಳು ನಾನೇ, ತಿದ್ದಿದವಳು ಮಗಳು. ತಿದ್ದಬಾರದ್ದನ್ನು ಜಗಳ ಮಾಡಿ ಬಿಡಿಸಿಕೊಂಡಿದ್ದೇನೆ.

ಕಂಪ್ಯೂಟರಿಗೆ ಕಾಯಿ ಒಡೆದ ದಿನ ನಮ್ಮ ಸಮಾಜದ ಹಿರಿಯರನ್ನೂ ಕರೆಸಿದ್ದರು. ಅವರ ಕೊರಳಲ್ಲಿ ಹಾರ ಇತ್ತು. ಪರದೆಯ ಮೇಲೆ ಒಂದು ಸುತ್ತಿಗೆಯ ಚಿತ್ರ, ಕೆಳಗೆ ದೊಡ್ಡ ಅಕ್ಷರ.

"ಓದು ತಂಗೀ, ನೀ ಸಾಲಿ ಕಲ್ತಾಕಿ ಇದ್ದಿ," ಎಂದರು ಹಿರಿಯರು.

ಬೆರಳಿಟ್ಟು ಓದಿದೆ. ವ. ಡ್ಡ. ರ.

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಎಂಜಿನಿಯರನ ಮುಖ ನೋಡಿದೆ. "ಇದೇನಪಾ?"

"ಪ್ರೋಗ್ರಾಂ ಹೆಸರ್ರಿ ಆಯಿ. ನಿಮ್ಮಂಗ ಕಲ್ಲು ತಿಳದವರು ಯಾರದಾರ? ಗೌರವಕ್ಕಂತ ಇಟ್ಟೀನಿ. ಹೊರದೇಶದಾಗ ಕಂಪ್ಯೂಟರ್‌ದವರು ಹಿಂಗೇ ಕುಲದ ಹೆಸರು, ಕಾಡಿನ ಮಂದಿ ಹೆಸರು ಇಡ್ತಾರ. ಯಾರೂ ಬ್ಯಾಡ ಅಂದಿಲ್ರಿ."

"ಬ್ಯಾಡ ಅಂದಿಲ್ಲೋ, ಅವರನ್ನ ಯಾರೂ ಕೇಳೇ ಇಲ್ಲೋ?"

"ಅದು ಗೊತ್ತಿಲ್ರಿ," ಎಂದು ತಲೆ ಕೆರೆದುಕೊಂಡ.

"ನಿಮ್ಮ ಮನಿತನದ ಹೆಸರೇ ಇಡಬೇಕಿತ್ತಲ್ಲ."

"ಅಯ್ಯಯ್ಯೋ! ನಮ್ಮಪ್ಪ ಹೊಸ್ತಲಾ ದಾಟಗೊಡಂಗಿಲ್ರಿ."

ಮಂದಿ ನಕ್ಕರು. ನಾನೂ ನಕ್ಕೆ. ಆವತ್ತು ನಗುವುದು ಸುಲಭ ಇತ್ತು, ಯಾವ ಕಲ್ಲೂ ಇನ್ನೂ ಒಡೆದಿರಲಿಲ್ಲ.

ಮನೆಗೆ ಬಂದ ಮೇಲೆ ಮಗಳಿಗೆ ನನ್ನ ಮುಖ ಕಂಡು ಸಿಟ್ಟು ಬಂತು.

"ನಿನಗ ಯಾವುದು ಚೊಲೋ ಅನಸ್ತದ ಅವ್ವಾ? ಸಾಲ್ಯಾಗ ಹಾಜರಿ ಪುಸ್ತಕದಾಗ ಜಾತಿ ಓದಿದ್ರಂದ್ರ ಹುಡುಗ್ಯಾರು ಮಾರಿ ಮಾರಿ ನೋಡಿ ನಗತಿದ್ರು. ಇವತ್ತು ಅದೇ ಹೆಸರಿಗೆ ಕಾಯಿ ಒಡದ್ರು."

"ಕಾಯಿ ಒಡದದ್ದು ಡಬ್ಬಿಗೆ."

"ನಿನಗ ಎಲ್ಲಾ ಡೊಂಕೇ ಕಾಣಸ್ತದ."

ಇರಬಹುದು ಎಂದುಕೊಂಡೆ. ನಾಲ್ವತ್ತು ವರ್ಷ ಡೊಂಕು ನೋಡಿಯೇ ಉಂಡವಳು.

ಮರುವಾರದಿಂದ ನನ್ನನ್ನು ನೋಡುವ ಕೆಲಸದಿಂದ ತೆಗೆದು ಲಾರಿಯ ಹತ್ತಿರ ಹಾಕಿದರು. ಇನ್ನು ಮಷಿನ್ ನೋಡುತ್ತದೆ ಎಂದ ಕಾರಖಾನೆಯ ಸಾವುಕಾರ. ಅಂಗಳದಲ್ಲಿ ಇಬ್ಬರು ಆಳು ಟೇಪು ಹಿಡಿದು ಅಳತೆ ಕೂಗುತ್ತಿದ್ದರು, ಮಗಳು ಒಳಗೆ ಕೂತು ಒತ್ತುತ್ತಿದ್ದಳು, ಹೇಗೆ ಕೊಯ್ಯಬೇಕು ಎಂದು ಚಿತ್ರ ಬರುತ್ತಿತ್ತು. ಬೆನ್ನಿಗೆ ಗುರುತು ಕೆತ್ತುವುದು ನಿಂತಿತು. ಅದರ ಬದಲಿಗೆ ಒಂದೊಂದು ಲೋಡಿಗೆ ಒಂದೊಂದು ಚೀಟಿ ಛಾಪಾಗಿ ಬರುತ್ತಿತ್ತು. ಅದರ ಕೊನೆಗೆ "ಕಲ್ಲು ನೋಡಿದ್ದು: ವಡ್ಡರ" ಎಂದು ಇರುತ್ತಿತ್ತು.

ಕೆಲಸ ಬೇಗ ಆಗುತ್ತಿತ್ತು, ಸುಳ್ಳು ಹೇಳಬಾರದು. ನಾನು ಒಂದು ಕಲ್ಲು ನೋಡುವ ಹೊತ್ತಿಗೆ ಅದು ಹತ್ತು ನೋಡುತ್ತಿತ್ತು. ನಡುನಡುವೆ ಕಂಪ್ಯೂಟರ್ ಕಲ್ಲಿನಂತೆ ನಿಂತು ಬಿಡುತ್ತಿತ್ತು. ಆಗ ಗುಮಾಸ್ತ ಆಫೀಸಿನಿಂದ ಹೊರಗೆ ಬಂದು, "ಈ ವಡ್ಡರಗ ಬುದ್ಧಿ ಯಾವಾಗ ಬರತದೋ ದೇವರಿಗೇ ಗೊತ್ತು!" ಎಂದು ಒದರುತ್ತಿದ್ದ. ಒಮ್ಮೆ ಹಾಗೆ ಒದರಿದವನು ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡ.

"ನಿಮಗಲ್ಲಬೇ, ಮಷಿನ್‌ಗೆ."

ಮಷಿನ್‌ಗೆ ಬೈದದ್ದಕ್ಕೆ ಮಷಿನ್ ತಲೆ ಎತ್ತಿ ನೋಡಲಿಲ್ಲ. ನಾನು ನೋಡಿದೆ. ಬೈಗುಳ ನಮಗೆ ಹೊಸದಲ್ಲ, ಅದಕ್ಕಾಗಿ ಮಗಳ ಕುರ್ಚಿ ಅಲ್ಲಾಡಿಸುವುದು ಬೇಡ ಎನಿಸಿತು.

ಮಳೆಗಾಲ ಕಳೆದ ಮೇಲೆ ಒಂದು ದಿನ ನನ್ನ ತಂಗಿಯ ಮಗಳು ಗಂಡನ ಜೊತೆ ಬಾಗಿಲಿಗೆ ಬಂದು ನಿಂತಳು. ಗಂಡಹೆಂಡತಿ ಇಬ್ಬರೂ ಫರ್ಸಿ ಹಾಸುವ ಕೆಲಸದವರು. ಚಿಂಚೋಳಿಗೆ ಹತ್ತಿದ ಚಂದಾಪುರದಲ್ಲಿ ಒಬ್ಬ ವ್ಯಾಪಾರಿಯ ಹೊಸ ಮನೆಗೆ ನಮ್ಮ ಕಾರಖಾನೆಯದೇ ಕಲ್ಲು ಹಾಸುತ್ತಿದ್ದರು.

"ದೊಡ್ಡವ್ವಾ, ನಮ್ಮನ್ನ ಹೊರಗ ಹಾಕ್ಯಾರ. ಹಾಸಿದ ಕಲ್ಲು ಮರುದಿನಾನೇ ಸೀಳಲಿಕತ್ತಾವ. 'ವಡ್ಡರೇ ನೋಡಿ ಕಳಿಸ್ಯಾರ, ವಡ್ಡರೇ ಹಾಸ್ಯಾರ, ನಿಮ್ಮ ಮಂದಿಯೆಲ್ಲಾ ಕೂಡಿ ನನ್ನ ಮನಿ ಕೆಡಿಸೀರಿ' ಅಂತ ಅಂತಾರ. ಊರಾಗ ಬ್ಯಾರೆ ಮನಿಯವರೂ ಈಗ ನಮಗ ಕೆಲಸಾ ಕೊಡವಲ್ಲರು."

"ಯಾವ ವಡ್ಡರು ನೋಡ್ಯಾರ?"

ಸೆರಗಿನ ಗಂಟಿನಿಂದ ಚೀಟಿ ತೆಗೆದಳು. ಕೊನೆಯ ಸಾಲು ನನಗೆ ಗೊತ್ತೇ ಇತ್ತು.

ಮರುದಿನ ಚಿತ್ತಾಪುರ, ಸೇಡಂ ದಾಟಿ ಬಸ್ಸು ಬದಲಿಸುತ್ತಾ ಚಿಂಚೋಳಿಗೆ ಹೋದೆ. ಕೈಯಲ್ಲಿ ಒಂದು ತಂಬಿಗೆ, ಒಂದು ಚಿಂದಿ, ಜಾಜಿನ ತುಂಡು. ವ್ಯಾಪಾರಿ ಒಳಗೆ ಬಿಡಲು ಒಪ್ಪಲಿಲ್ಲ.

"ಮತ್ತೊಬ್ಬಾಕಿ ಬಂದಳು! ನೀ ಯಾರಬೇ?"

"ಕಲ್ಲು ನೋಡಾಕಿ. ಒಂದು ತಂಬಿಗಿ ನೀರು ಕೊಡ್ರಿ. ಹೊರಗ ಉಳದಿರೂ ಕಲ್ಲಿಗೇ ಹಾಕತೀನಿ, ಮನ್ಯಾಗ ಬರೂದಿಲ್ಲ."

ಅವರ ಮನೆಯ ಮುಂದೆ ಇನ್ನೂ ಹಾಸದ ಕಲ್ಲು ಒಟ್ಟಿದ್ದರು. ಹನ್ನೆರಡನ್ನು ಬಿಸಿಲಿಗೆ ಹಾಸಿಸಿದೆ. ನೀರು ಸುರಿದೆ, ಒರೆಸಿದೆ, ಕುಕ್ಕರುಗಾಲಲ್ಲಿ ಕುಂತೆ. ವ್ಯಾಪಾರಿಗೆ ತಾಳ್ಮೆ ಇರಲಿಲ್ಲ, ಒಳಗೆ ಹೋಗಿ ಬಂದು ಮಾಡಿದರು. ಕಲ್ಲು ಬೆಳ್ಳಗಾಗುತ್ತಾ ಬಂದಾಗ ಅವರನ್ನು ಕರೆದೆ. ಹನ್ನೆರಡರಲ್ಲಿ ಐದು ಕಲ್ಲಿಗೆ ಗೆರೆ ಎದ್ದಿತ್ತು. ಒಂದಕ್ಕಂತೂ ಈ ಮೂಲೆಯಿಂದ ಆ ಮೂಲೆಗೆ. ಜಾಜಿನಿಂದ ಎಳೆದು, ಒಂದನ್ನು ಎತ್ತಿ ಮೊಣಕಾಲಿಗೆ ತಾಗಿಸಿದೆ. ಗೀಟಿನ ಮೇಲೇ ಎರಡು ತುಂಡಾಯಿತು.

"ಇವನ್ನ ಯಾರೂ ನೋಡಿಲ್ರಿ," ಎಂದೆ. "ಬೆನ್ನು ಹೊಳ್ಳಿಸ್ರಿ. ಗುರುತು ಇಲ್ಲ. ಹಾಸಿದ ಹುಡುಗಿದು ತಪ್ಪಿಲ್ಲ."

"ಚೀಟಿದಾಗ ನಿಮ್ಮ ಹೆಸರೇ ಅದ ಅಲ್ಲಬೇ."

"ಅದು ಕಂಪ್ಯೂಟರ್ ಡಬ್ಬಿ ಹೆಸರ್ರಿ."

ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು. "ಡಬ್ಬಿಗೆ ನಿಮ್ಮ ಹೆಸರು ಯಾಕಿಟ್ರಿ?" ಎಂದರು.

ನಾವು ಇಡಲಿಲ್ಲ ಎಂದು ಹೇಳಬಹುದಿತ್ತು. ಆದರೆ ಚಪ್ಪಾಳೆ ಹೊಡೆಯುವಾಗ ನಾನೂ ಅಲ್ಲಿದ್ದೆ. ಉಳಿದ ಕಲ್ಲು ನೋಡತೊಡಗಿದೆ. ಸಂಜೆಯೊಳಗೆ ಒಳ್ಳೆಯವನ್ನು ಬೇರೆ ಮಾಡಿ, ಅವುಗಳ ಬೆನ್ನಿಗೆ ಗುರುತು ಕೆತ್ತಿ ಕೊಟ್ಟೆ. ತಂಗಿಯ ಮಗಳನ್ನು ಮತ್ತೆ ಕೆಲಸಕ್ಕೆ ಕರೆದರು.

ಮನೆಗೆ ಬಂದು ಮಗಳನ್ನು ಕೇಳಿದೆ. "ಆ ಲೋಡಿಗೆ ನೀರು ಹೊಡದಿದ್ರೇನ?"

"ಅದರಾಗ ನೀರಿಂದು ಕಾಲಂ ಇಲ್ಲವ್ವಾ."

"ಕಾಲಂ ಇಲ್ಲಂದ್ರ ಬಿರುಕೂ ಇರೂದಿಲ್ಲೇನು?"

"ಮೊದಲ ದಿನಾನೇ ಕೇಳಿದ್ದೆ. ಟೈಮಿಲ್ಲ ಅಂದ್ರು ಸಾವುಕಾರ್ರು," ಎಂದಳು. ಎಂಜಿನಿಯರ್ ಬಿರುಕನ್ನು ಅಳೆಯಲಾರದೆ ಬಿಟ್ಟಿದ್ದ. ಸಾವುಕಾರ ಕಾಯಲಾರದೆ ಬಿಟ್ಟಿದ್ದ. ಮಗಳು ಹೆದರಿ ಬಿಟ್ಟಿದ್ದಳು. ಮೂವರ ಬದಲಿಗೆ ಚೀಟಿಯಲ್ಲಿ ನಾವೆಲ್ಲ ಇದ್ದೆವು, ಸೇಡಂನಿಂದ ಶಹಾಬಾದಿನವರೆಗೆ ಸುತ್ತಿಗೆ ಹಿಡಿದವರೆಲ್ಲ.

ಅದೇ ವಾರ ಸಾವುಕಾರ ನನ್ನನ್ನು ಆಫೀಸಿಗೆ ಕರೆದ. ಹಿರಿಯರು ಕುರ್ಚಿಯಲ್ಲಿದ್ದರು, ಎಂಜಿನಿಯರ್ ನಿಂತಿದ್ದ. ಬೇರೆ ಬೇರೆ ಕಾರಖಾನೆಯವರು ಈ ಪ್ರೋಗ್ರಾಂ ಕೇಳುತ್ತಿದ್ದಾರಂತೆ. ಜಾತಿಯ ಹೆಸರಿಟ್ಟದ್ದಕ್ಕೆ ನಾಳೆ ಯಾರಾದರೂ ತಕರಾರು ತೆಗೆದಾರು ಎಂದು ಒಂದು ಕಾಗದ ಮಾಡಿಸಿದ್ದರು. ಈ ಹೆಸರಿನಿಂದ ನಮಗೆ ಅವಮಾನ ಇಲ್ಲ, ಅಭಿಮಾನವೇ ಇದೆ ಎಂದು ಬರೆದಿತ್ತು. ಹಿರಿಯರು ಆಗಲೇ ಸಹಿ ಮಾಡಿದ್ದರು. ಕಲಿಸಿದವಳು ನಾನಾದ್ದರಿಂದ ನನ್ನದೂ ಬೇಕಂತೆ.

ನಾನು ಬೆರಳಿಟ್ಟು ಪೂರ್ತಿ ಓದಿದೆ. ಹೊತ್ತು ಹಿಡಿಯಿತು. ಬಾಗಿಲ ಹತ್ತಿರ ಮಗಳು ನಿಂತಿದ್ದಳು. ಕೈಯಿಂದ ಸನ್ನೆ ಮಾಡುತ್ತಿದ್ದಳು, ಮಾಡವ್ವಾ ಎಂದು.

"ಅವಮಾನ ಅಭಿಮಾನದ ಮಾತು ನನಗ ಗೊತ್ತಾಗೂದಿಲ್ಲ," ಎಂದೆ. "ಒಂದು ಕೇಳತೀನಿ. ಈ ಡಬ್ಬಿ ನೋಡಿದ ಕಲ್ಲು ಒಡದರ ಬದಲಿ ಕಲ್ಲು ಹೊತಗೊಂಡು ಯಾರು ಹೋಗತಾರ? ಡಬ್ಬಿ ಹೋಗತದೇನು?"

"ತಂಗೀ, ಹೆಸರು ದೊಡ್ಡದಾಗತದ ತಿಳಕೊ," ಎಂದರು ಹಿರಿಯರು.

"ಅಣ್ಣಾ, ನನ್ನ ಗುರುತು ನೀವು ಹಾಕಲಿಕ್ಕೆ ಬರತದೇನು? ನಿಮ್ಮದು ನಾ ಹಾಕಬಹುದೇನು? ಇಲ್ಲಿ ನಮ್ಮೆಲ್ಲಾರ ಗುರುತೂ ಒಮ್ಮೆಲೆ ಹಾಕ್ಯಾರ, ಅದೂ ನಾವು ನೋಡದ ಕಲ್ಲಿಗೆ. ಚಂದಾಪುರದಾಗ ನನ್ನ ತಂಗಿ ಮಗಳನ್ನ ಹೊರಗ ಹಾಕಿದ್ರು. ನಾ ದಸ್ಕತ್ ಮಾಡೂದಿಲ್ಲ."

ಹಿರಿಯರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಸಾವುಕಾರನ ದನಿ ಏರಲಿಲ್ಲ. ಅವನ ಸಿಟ್ಟು ಯಾವಾಗಲೂ ತಣ್ಣಗಿರುತ್ತಿತ್ತು. "ಹಂಗಾರ ನಾಳಿಂದ ನಿನ್ನ ಮಗಳು ಕುರ್ಚಿ ಮ್ಯಾಲ ಕೂಡೂದು ಬ್ಯಾಡ. ವಾಪಸ್ ಬಂದ ಲೋಡಿಗೆ ನಿನ್ನ ಕಣ್ಣು ಬೇಕು, ನೀ ಬಾ. ಬಾಯಿ ಮನ್ಯಾಗಿಟ್ಟು ಬಾ."

"ಕಣ್ಣು ಬಾಯಿ ಒಂದೇ ತಲ್ಯಾಗ ಅದಾವ್ರಿ ಸಾವುಕಾರ್ರ," ಎಂದು ಹೊರಗೆ ಬಂದೆ.

ಮರುದಿನ ವಾಪಸ್ ಬಂದ ಲೋಡು ನೋಡಲು ಅಂಗಳಕ್ಕೆ ಹೋದೆ, ಬಾಯಿಯ ಜೊತೆಗೇ. ಮಗಳು ನನ್ನ ಜೊತೆ ಮಾತು ಬಿಟ್ಟಳು. ಕುರ್ಚಿ ಹೋದರೂ ಮನೆಯಲ್ಲಿ ಕೂಡಲಿಲ್ಲ. ಅಂಗಳದಲ್ಲಿ ನೀರು ಹೊರಲು ಬಂದಳು, ಟೈಪಿಂಗ್ ಕಲಿತ ಕೈಯಲ್ಲಿ ಬಕೀಟು ಹಿಡಿದುಕೊಂಡು. ನಾನು ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಬಕೀಟು ನನ್ನ ಮೇಲೇ ಸುರಿಯುತ್ತಿದ್ದಳು. ಅವಳು ಸುರಿಯುವುದು, ನಾನು ಒರೆಸುವುದು, ಇಬ್ಬರೂ ಕುಂತು ಕಾಯುವುದು. ಹೀಗೆ ಎಂಟು ಹತ್ತು ದಿನ ನಡೆಯಿತು. ಒಂದು ದಿನ ನಾನು ಕಾಣದ ಗೆರೆಯನ್ನು ಅವಳು ಕಂಡಳು. ನನ್ನ ಕೈಯಿಂದ ಜಾಜು ಕಸಿದುಕೊಂಡು ಗೀಟು ಎಳೆದಳು. ಸರಿಯಾಗಿಯೇ ಇತ್ತು.

ಎಂಜಿನಿಯರ್ ಒಂದು ಮುಂಜಾನೆ ಓಣಿಗೆ ಬಂದ. ಬಾಗಿಲ ಮುಂದಿನ ಕಲ್ಲಿನ ಮೇಲೆ ಕೇಳದೆಯೇ ಕುಂತ. ಮಗಳು ಚಹಾ ಕೊಟ್ಟಳು, ಕುಡಿದ.

"ಆಯಿ, ನಾ ಕೆಟ್ಟ ಮನಸಿಲೆ ಇಟ್ಟಿಲ್ರಿ."

"ಗೊತ್ತದ ತಮ್ಮಾ. ಕೆಟ್ಟ ಮನಸಿಲೆ ಇಟ್ಟಿದ್ದರ ಆವತ್ತೇ ಬೈತಿದ್ದೆ."

"ಆ ಗುರುತಿನ ಮಾತು ಇಪ್ಪತ್ತು ದಿನದಾಗ ನನಗ್ಯಾಕ ಹೇಳಲಿಲ್ರಿ?"

"ನೀ ಅಳತಿ ಕೇಳಿದಿ. ಅಳತಿ ಹೇಳಿದೆ."

ಆಮೇಲೆ ಹೇಳಿದೆ. ನಾನು ಹೊಸ ಸೊಸೆಯಾಗಿದ್ದಾಗ ನಾಲವಾರದ ಒಂದು ಮನೆಯ ಹೊಸ್ತಿಲ ಕಲ್ಲು ಸೀಳಿತ್ತು. ಬೆನ್ನಿಗೆ ನಮ್ಮ ಮಾವನ ಗುರುತು ಇತ್ತು. ಮಾವ ಬೇರೆ ಕಲ್ಲು ನೋಡಿ, ತಲೆಯ ಮೇಲೆ ಹೊತ್ತು ಸ್ಟೇಷನ್ನಿಗೆ ನಡೆದು, ಪ್ಯಾಸೆಂಜರ್ ಗಾಡಿಯಲ್ಲಿ ಒಯ್ದು, ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿ ಬಂದರು. ಕಲ್ಲು ತಾನಾಗಿಯೇ ಸೀಳಿತ್ತೋ, ಮನೆಯವರು ಏನಾದರೂ ಬೀಳಿಸಿದ್ದರೋ, ಕೇಳಲಿಲ್ಲ. ಗುರುತು ಇತ್ತು, ಹೋದರು.

ಅವನು ಆ ದಿನ ಏನೂ ಬರೆದುಕೊಳ್ಳಲಿಲ್ಲ.

ಪ್ರೋಗ್ರಾಂ ತಿದ್ದಲು ಒಂದು ತಿಂಗಳು ತೆಗೆದುಕೊಂಡ. ಮೊದಲ ಸಲ ತಿದ್ದಿದ್ದು ಕೆಟ್ಟಿತು. ನೀರಿನ ಕಾಲಂ ಹಾಕಿದ್ದ, ಆಳುಗಳು ನೀರು ಹೊಡೆಯದೆಯೇ ಹೌದು ಹೌದು ಎಂದು ಕೂಗುತ್ತಿದ್ದರು. ಎರಡನೇ ಸಲ ಚೀಟಿಯಲ್ಲಿ "ಕಲ್ಲು ನೋಡಿದವರು" ಎಂದು ಬರೆದು ಮುಂದೆ ಖಾಲಿ ಬಿಟ್ಟ. ಅಲ್ಲಿ ಒಬ್ಬರ ಹೆಸರು ಒತ್ತದಿದ್ದರೆ ಚೀಟಿ ಹೊರಗೇ ಬರುವುದಿಲ್ಲ. ತನ್ನ ಹೆಸರು ಒತ್ತಿಸಲು ಆಳುಗಳು ಯಾರೂ ಮುಂದೆ ಬರಲಿಲ್ಲ. ಅಂಗಳದಲ್ಲಿ ಕಲ್ಲು ರಾಶಿಯಾಗುತ್ತಾ ಹೋಯಿತು, ಲಾರಿಗಳು ನಿಂತವು. ಮೂರನೇ ದಿನ ಸಾವುಕಾರ ನಮ್ಮ ಹತ್ತಿರ ಬಂದು ನಿಂತ. ಹಂಗಿಗೆ ಬಿದ್ದವನ ಹಾಗೆ ಕಾಣಲಿಲ್ಲ, ಲೋಡು ತಡವಾದವನ ಹಾಗೆ ಕಂಡ.

"ನೀನೇ ನೋಡಬೇ ಮತ್ತ. ನಿನ್ನ ಹೆಸರೇ ಹಾಕು."

"ನನಗ ಕಣ್ಣು ಮಂಜಾಗ್ಯಾವ್ರಿ. ಇಕಿ ನೋಡತಾಳ," ಎಂದೆ.

ಮಂಜಾಗಿದ್ದು ಅಷ್ಟೇನೂ ಇರಲಿಲ್ಲ. ಮಗಳು ನನ್ನನ್ನು ನೋಡಿದಳು. ಬಕೀಟು ಕೆಳಗಿಟ್ಟಳು. ಆವತ್ತು ಹೊರಗೆ ನೀರು ಹೊಡೆದು ಕಾದವಳೂ ಅವಳೇ, ಒಳಗೆ ಹೋಗಿ ಕುರ್ಚಿಯ ಮೇಲೆ ಕೂತು ಒತ್ತಿದವಳೂ ಅವಳೇ.

ಪ್ರೋಗ್ರಾಮಿಗೆ ಆಮೇಲೆ ಯಾವುದೋ ಹೂವಿನ ಹೆಸರಿಟ್ಟರಂತೆ. ಹಿರಿಯರಿಗೆ ಬೇಸರವಾಯಿತು, ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಹೂವಿನ ಹೆಸರಿಗೆ ನನ್ನ ತಕರಾರು ಇರಲಿಲ್ಲ. ಹೂವು ಕಲ್ಲು ನೋಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಅದನ್ನು ಯಾರೂ ಮನೆಯಿಂದ ಹೊರಗೆ ಹಾಕುವುದಿಲ್ಲ.

ನಾಲ್ಕೈದು ವರ್ಷದ ಮೇಲೆ ಸೇಡಂನಿಂದ ಸುದ್ದಿ ಬಂತು. ಒಂದು ಮನೆಯ ಪಡಸಾಲೆಯಲ್ಲಿ ಒಂದು ಕಲ್ಲು ಸೀಳಿತ್ತು. ಚೀಟಿಯಲ್ಲಿ ಮಗಳ ಹೆಸರಿತ್ತು. "ಒಂದು ಕಲ್ಲಿಗಾಗಿ ಯಾಕ ಹೋಗತಿ? ಅವರೇ ಇನ್ನೊಂದು ಹಾಕಿಸಿಕೊಳ್ಳತಾರ," ಎಂದನಂತೆ ಸಾವುಕಾರ. ಅವಳು ಅಂಗಳದಲ್ಲಿ ಒಂದು ಕಲ್ಲು ಆರಿಸಿ, ನೀರು ಹೊಡೆದು ನೋಡಿ, ಟೆಂಪೋದಲ್ಲಿ ಹಾಕಿಕೊಂಡು ಹೋದಳು.

ಸಂಜೆಗೆ ಬಂದಳು. ಉಗುರಲ್ಲಿ ಸಿಮೆಂಟು ಇತ್ತು.

"ಯಾಕ ಸೀಳಿತ್ತು?" ಎಂದು ಕೇಳಿದೆ.

"ಆವತ್ತು ಮೋಡ ಇತ್ತವ್ವಾ. ಕಲ್ಲು ಪೂರಾ ಒಣಗೂತನಕ ಕಾಯಲಿಲ್ಲ."

"ಕಾಯಬೇಕಿತ್ತು."

"ಹೂಂ," ಎಂದಳು. ಕೈ ತೊಳೆದುಕೊಂಡು ಉಣ್ಣಲು ಕುಂತಳು.